ಅಮ್ಮನ ಮಂಡಿನೋವು, ನನ್ನ ಅರೆತಲೆನೋವು: ಅಕ್ಯುಪಂಕ್ಚರ್ ಮಾಡಿಸಿಕೊಂಡವರು ಅನುಭವ ಹೇಳ್ತೀರಾ?

ಕೇಳಿದವರು: ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮಮ್ಮಂಗೆ 62 ವರ್ಷ, ಎರಡೂ ಮಂಡಿ ಸವೆದಿದೆ. ಆಪರೇಷನ್ ಈಗಲೇ ಬೇಡ, ತೂಕ ಇಳಿಸಿ, ವ್ಯಾಯಾಮ ಮಾಡಿ ಅಂತ ಮೂಳೆ ಡಾಕ್ಟ್ರು ಹೇಳಿದಾರೆ. ನೋವಿನ ಮಾತ್ರೆ ತಗೊಂಡ್ರೆ ಹೊಟ್ಟೆ ಉರಿ. ನನಗೆ ಅರೆತಲೆನೋವು, ಬಂದ ದಿನ ಕತ್ತಲೆ ಕೋಣೆ ಬಿಟ್ಟು ಏಳೋಕಾಗಲ್ಲ. ನಮ್ಮ ಚಿಕ್ಕಮ್ಮ ದಿನಾ ಫೋನ್ ಮಾಡಿ "ಸೂಜಿ ಹಾಕಿಸ್ಕೊಳ್ರೇ, ಕಿವಿಗೂ ಹಾಕ್ತಾರೆ, ಎಲ್ಲಾ ಹೋಗುತ್ತೆ" ಅಂತಾರೆ. ಅಮ್ಮಂಗೆ ಸಕ್ಕರೆ ಕಾಯಿಲೆ ಬೇರೆ ಇದೆ. ನಿಜವಾಗಿ ಕೆಲಸ ಮಾಡುತ್ತಾ? ನೋವಾಗುತ್ತಾ? ಯಾರ ಹತ್ರ ಹೋಗಬೇಕು ಅಂತ ಹೇಗೆ ನೋಡೋದು?

ನಿವೃತ್ತ ಮೇಷ್ಟ್ರು, ವಿದ್ಯಾನಗರ

ತಾಯಿ, ನಾನು ಮಂಡಿಗೆ ಹಾಕಿಸಿಕೊಂಡವನು. ಬೋರ್ಡ್ ಮುಂದೆ ನಿಂತು ನಿಂತು ಪಿಂಚಣಿ ಜೊತೆ ಮಂಡಿನೋವೂ ಬಂತು.

ಮೊದಲು ನೋವಿನ ಮಾತು. ಇಂಜೆಕ್ಷನ್ ಸೂಜಿ ಟೊಳ್ಳು, ಇದು ಗಟ್ಟಿ. ಹೆಚ್ಚುಕಮ್ಮಿ ಕಾಲು ಮಿಲಿಮೀಟರ್ ದಪ್ಪ, ಬೆರಳಲ್ಲಿ ಒತ್ತಿದ್ರೆ ಬಳುಕುತ್ತೆ. ಸಣ್ಣ ಪ್ಲಾಸ್ಟಿಕ್ ಕೊಳವೆಯೊಳಗೆ ಇಟ್ಟು ಚರ್ಮದ ಮೇಲೆ ನಿಲ್ಲಿಸಿ, ಮೇಲಿಂದ ಟಕ್ ಅಂತ ಒಂದು ತಟ್ಟು ತಟ್ಟುತ್ತಾರೆ. ಹೋಗಿದ್ದೇ ಗೊತ್ತಾಗಲ್ಲ. ಆಮೇಲೆ ಕೊಳವೆ ತೆಗೆದು ಸೂಜಿಯನ್ನ ಸ್ವಲ್ಪ ತಿರುಗಿಸ್ತಾರೆ ನೋಡಿ, ಆಗ ಗೊತ್ತಾಗುತ್ತೆ. ನೋವು ಅನ್ನೋಕಾಗಲ್ಲ, ಒಂಥರಾ ಭಾರ, ಜೋಮು, ಒಂದೊಂದು ಸಲ ಹಿಮ್ಮಡಿವರೆಗೂ ಜುಂ ಅನ್ನುತ್ತೆ. ಆ ಜೋಮು ಬಂದ್ರೆ ಸೂಜಿ ಸರಿಯಾದ ಜಾಗಕ್ಕೆ ಬಿತ್ತು ಅಂತ ಅವರ ಲೆಕ್ಕ. ನನಗೆ ಮಂಡಿಚಿಪ್ಪಿನ ಕೆಳಗೆ ಎರಡು ಪಕ್ಕ ಕುಳಿ ಇರುತ್ತಲ್ಲ, ಅಲ್ಲಿ ಒಂದೊಂದು, ಅಲ್ಲಿಂದ ನಾಲ್ಕು ಬೆರಳು ಕೆಳಗೆ ಹೊರಮಗ್ಗುಲಿಗೆ ಒಂದು, ಮಂಡಿ ಮೇಲೆ ಒಂದೆರಡು ಹಾಕಿ ಇಪ್ಪತ್ತು ನಿಮಿಷ ಮಲಗಿಸ್ತಿದ್ರು. ನಾನಂತೂ ನಿದ್ದೆ ಹೊಡೀತಿದ್ದೆ.

ಫಲ ಏನಪ್ಪಾ ಅಂದ್ರೆ, ಸವೆದಿದ್ದು ಸವೆದಂಗೇ ಇದೆ. ಆದರೆ ಮೆಟ್ಟಿಲು ಇಳಿಯುವಾಗಿನ ನೋವು ಕಮ್ಮಿ ಆಯ್ತು, ಮಾತ್ರೆ ಅಪರೂಪ ಆಯ್ತು. ನಿಲ್ಲಿಸಿದ ಮೇಲೂ ಕೆಲವು ತಿಂಗಳು ಚೆನ್ನಾಗಿತ್ತು, ಆಮೇಲೆ ಮತ್ತೆ ತಲೆ ಎತ್ತಿತು. ಜೊತೆಗೆ ತೊಡೆಗೆ ವ್ಯಾಯಾಮ ಮಾಡ್ತಿದ್ದೆ, ಕುಂದವಾಡ ಕೆರೆ ಏರಿ ಮೇಲೆ ನಡೀತಿದ್ದೆ. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳೋಕೆ ನನ್ನಿಂದಾಗಲ್ಲ.

ಇತಿಹಾಸದ ಮೇಷ್ಟ್ರಾಗಿ ಒಂದು ಮಾತು, ಬೇಡದವರು ಮುಂದೆ ಹೋಗಿ. 1938ರಲ್ಲಿ ಜಪಾನ್ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ ನಮ್ಮ ದೇಶದಿಂದ ಐದು ಜನ ಡಾಕ್ಟರ್ ಹೋದರು. ಅದರಲ್ಲಿ ಸೋಲಾಪುರದ ಕೋಟ್ನಿಸ್ ಹೆಸರು ಎಲ್ಲರಿಗೂ ಗೊತ್ತು, ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಂಗಾಳದ ಬಿ.ಕೆ. ಬಸು ಅವರು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು ಕಲ್ಕತ್ತಾದಲ್ಲಿ ಶುರು ಮಾಡಿದರು. ನಮ್ಮಲ್ಲಿ ಇದು ಬೇರು ಬಿಟ್ಟಿದ್ದು ಹಾಗೆ.

ಫಾರ್ಮಸಿ ಉಪನ್ಯಾಸಕ, ಚಿತ್ರದುರ್ಗ

ಮೇಷ್ಟ್ರು ಪ್ರಾಮಾಣಿಕವಾಗಿ ಬರೆದಿದಾರೆ. ಮೇಡಂ, ನಿಮ್ಮ ಚಿಕ್ಕಮ್ಮ ಹೇಳೋ "ಎಲ್ಲಾ ಹೋಗುತ್ತೆ"ಯನ್ನ ಮಾತ್ರ ಪಕ್ಕಕ್ಕಿಡಿ.

ಜರ್ಮನಿಯಲ್ಲಿ 1162 ಸೊಂಟನೋವಿನ ರೋಗಿಗಳ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 2007ರಲ್ಲಿ ಬಂತು. ಮೂರು ಗುಂಪು. ಒಂದಕ್ಕೆ ಪುಸ್ತಕದಲ್ಲಿರೋ ಬಿಂದುಗಳಿಗೆ ಸರಿಯಾಗಿ ಸೂಜಿ. ಇನ್ನೊಂದಕ್ಕೆ ಸುಮ್ಮನೆ ಬಿಂದು ಅಲ್ಲದ ಕಡೆ ಮೇಲ್ಮೇಲೆ ಚುಚ್ಚಿದ್ದು. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳಾದ ಮೇಲೆ ಸುಧಾರಿಸಿದವರು ಮೊದಲ ಗುಂಪಲ್ಲಿ ಶೇ. 47.6, ಸುಳ್ಳುಸೂಜಿಯವರಲ್ಲಿ ಶೇ. 44.2, ಮಾತ್ರೆ ಗುಂಪಲ್ಲಿ ಶೇ. 27.4. ಸೂಜಿ ಹಾಕಿಸಿಕೊಂಡವರು ಮಾತ್ರೆಯವರಿಗಿಂತ ಎಷ್ಟೋ ಮುಂದೆ, ಆದರೆ ಎಲ್ಲಿ ಚುಚ್ಚಿದರು ಅನ್ನೋದು ಅಷ್ಟು ಮುಖ್ಯ ಆಗಲೇ ಇಲ್ಲ. ಹೀಗಿರುವಾಗ ಇಂಥಾ ನಾಡಿ, ಇಂಥಾ ಶಕ್ತಿ ಹರಿವು ಅಂತ ಯಾರಾದರೂ ಒಂದು ಗಂಟೆ ಭಾಷಣ ಮಾಡಿದರೆ ನಾನು ಅರ್ಧ ಕಿವಿಯಲ್ಲಿ ಕೇಳ್ತೀನಿ.

ನಿಮ್ಮ ಅರೆತಲೆನೋವಿಗೆ ಮಾತ್ರ ಇದು ಯೋಚಿಸಬೇಕಾದ್ದೇ. ಚಿಕಿತ್ಸೆಗಳ ಬಗೆಗಿನ ಪ್ರಯೋಗಗಳನ್ನ ತೂಗಿ ನೋಡೋ ಕೊಕ್ರೇನ್ ಅನ್ನೋ ಸಂಸ್ಥೆಯ 2016ರ ವಿಮರ್ಶೆ 22 ಪ್ರಯೋಗಗಳನ್ನ ಒಟ್ಟಿಗಿಟ್ಟು ನೋಡಿತು. ತಲೆನೋವು ಬರುವ ದಿನಗಳು ಅರ್ಧಕ್ಕಿಳಿದವರು, ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 41, ಬರೀ ನೋವು ಬಂದಾಗ ಮಾತ್ರೆ ನುಂಗಿದವರಲ್ಲಿ 17. ಸುಳ್ಳುಸೂಜಿಗೆ ಹೋಲಿಸಿದ ಪ್ರಯೋಗಗಳಲ್ಲಿ ನಿಜವಾದ ಸೂಜಿಯವರಲ್ಲಿ ನೂರಕ್ಕೆ 50, ಸುಳ್ಳುಸೂಜಿಯವರಲ್ಲಿ 41. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯೂ ತಡೆಯುವ ಮಾತ್ರೆಗಳು ಒಗ್ಗದವರಿಗೆ ಐದರಿಂದ ಎಂಟು ವಾರದಲ್ಲಿ ಹತ್ತು ಸಲದವರೆಗೆ ಕೊಡಬಹುದು ಅನ್ನುತ್ತೆ. ಮಂಡಿ ಸವೆತಕ್ಕೆ ಬಂದರೆ ದೊಡ್ಡವರಲ್ಲೇ ಜಗಳ: ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ನೋಡಬಹುದು ಅಂದಿತು, ಬ್ರಿಟನ್ನಿನವರು 2022ರಲ್ಲಿ ಕೊಡಬೇಡಿ ಅಂದರು.

ಹಾಗಾಗಿ ನನ್ನ ಪ್ರಕಾರ ಮೊದಲು ಹೋಗಬೇಕಾದ್ದು ನೀವು, ಅಮ್ಮ ಅಲ್ಲ.

ಸ್ಟಾಫ್ ನರ್ಸ್, ದಾವಣಗೆರೆ

ಸರ್ ಹೇಳಿದ ಲೆಕ್ಕದಲ್ಲಿ ಒಂದು ಬಿಟ್ಟುಹೋಯ್ತು, ವಾಂತಿ. ಆಪರೇಷನ್ ಆದಮೇಲೆ ಬರೋ ವಾಕರಿಕೆ, ಕೀಮೋ ವಾಂತಿ, ಇದಕ್ಕೆ ಸೂಜಿಯಿಂದ ಅನುಕೂಲ ಇದೆ ಅಂತ 1997ರಲ್ಲೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಒಪ್ಪಿತ್ತು. ಅದರ ಜಾಗ ಮನೆಯಲ್ಲೇ ಹುಡುಕಬಹುದು. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ನರದಂಗೆ ಎದ್ದು ಕಾಣೋ ಸ್ನಾಯುರಜ್ಜುಗಳ ಮಧ್ಯೆ. ಸೂಜಿ ಬೇಡ, ಹೆಬ್ಬೆರಳಲ್ಲಿ ಒಂದೆರಡು ನಿಮಿಷ ಒತ್ತಿ ಹಿಡಿದ್ರೂ ಕೆಲವರಿಗೆ ಹಿತ ಅನಿಸುತ್ತೆ. ಆಗುಂಬೆ ಘಾಟಿಯಲ್ಲಿ ಬಸ್ಸಲ್ಲಿ ವಾಂತಿ ಮಾಡೋ ನನ್ನ ಮಗನಿಗೆ ಮಾಡ್ತೀನಿ. ಅವನು ಸುಮ್ಮನಾಗೋದು ಅದಕ್ಕೋ, ಅಮ್ಮ ಕೈ ಹಿಡ್ಕೊಂಡಳು ಅಂತನೋ ದೇವರಿಗೇ ಗೊತ್ತು.

ಅಕ್ಕಾ, ಅಮ್ಮಂಗೆ ಸಕ್ಕರೆ ಕಾಯಿಲೆ ಅಂದ್ರಲ್ಲ, ಇದನ್ನ ಗಮನ ಇಟ್ಟು ಓದಿ. ಕೆಲವು ಕಡೆ ಸೂಜಿ ಹಾಕಿ ಮೇಲಿಂದ ಕೆಂಪು ದೀಪದ ಶಾಖ ಕೊಡ್ತಾರೆ, ಇಲ್ಲಾ ಮೂಲಿಕೆ ಬತ್ತಿ ಹಚ್ಚಿ ಹತ್ರ ಹಿಡೀತಾರೆ. ಪಾದದಲ್ಲಿ ಸ್ಪರ್ಶ ಕಮ್ಮಿ ಆಗಿರೋರಿಗೆ ಸುಟ್ಟಿದ್ದೇ ಗೊತ್ತಾಗಲ್ಲ, ಮನೆಗೆ ಬಂದಮೇಲೆ ಬೊಬ್ಬೆ ಕಾಣುತ್ತೆ. ಸಕ್ಕರೆ ಇರೋರ ಕಾಲಿನ ಗಾಯ ಮಾಯೋದು ಎಷ್ಟು ಕಷ್ಟ ಅಂತ ವಾರ್ಡಲ್ಲಿ ದಿನಾ ನೋಡ್ತೀನಿ. ಶಾಖ ಬೇಡ ಅಂತ ಮೊದಲೇ ಹೇಳಿ. ಪಾದಕ್ಕೆ ಸೂಜಿಯೂ ಬೇಡ.

ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ರೆ ಹೇಳಬೇಕು. ಪೇಸ್‌ಮೇಕರ್ ಇದ್ರೆ ಸೂಜಿಗೆ ಕರೆಂಟ್ ಕೊಡಿಸ್ಕೋಬಾರದು. ಬಸುರಿಯರಿಗೆ ಹೆಬ್ಬೆರಳು-ತೋರುಬೆರಳ ನಡುವಿನ ಜಾಗ, ಕಣಕಾಲಿನ ಒಳಮಗ್ಗುಲು, ಇಲ್ಲೆಲ್ಲಾ ಹಾಕೋದನ್ನ ಸಾಮಾನ್ಯವಾಗಿ ಬಿಡ್ತಾರೆ. ಎದೆ, ಭುಜದ ಮೇಲ್ಭಾಗಕ್ಕೆ ಆಳ ಚುಚ್ಚಿದ್ರೆ ಶ್ವಾಸಕೋಶಕ್ಕೆ ತಾಗೋ ಅಪಾಯ ಇದೆ. ಅಪರೂಪ, ಆದ್ರೆ ಆಗಿರೋದುಂಟು. ಸೂಜಿ ಹಾಕಿಸ್ಕೊಂಡು ಬಂದ ದಿನ ಉಸಿರು ಕಟ್ಟಿದಂಗೆ ಆದ್ರೆ ಗ್ಯಾಸ್ಟ್ರಿಕ್ ಅಂತ ಮಲಗಬೇಡಿ, ನೇರ ಆಸ್ಪತ್ರೆಗೆ.

ಕೇಳಿದವರು

ತುಂಬಾ ಥ್ಯಾಂಕ್ಸ್ ಸಿಸ್ಟರ್, ಶಾಖದ ವಿಷಯ ಗೊತ್ತೇ ಇರಲಿಲ್ಲ. ಕಿವಿದು ಯಾರೂ ಹೇಳಲಿಲ್ಲ. ಮಂಡಿನೋವಿಗೆ ಕಿವಿಗ್ಯಾಕೆ ಚುಚ್ತಾರೆ?

ನ್ಯಾಚುರೋಪತಿ ಇಂಟರ್ನ್, ಊರು ಹೊಳಲ್ಕೆರೆ

ಇದು ನನ್ನ ಇಷ್ಟದ ವಿಷಯ ಅಕ್ಕ. ಕಿವಿಯನ್ನ ಹೊಟ್ಟೆಯೊಳಗೆ ತಲೆಕೆಳಗಾಗಿ ಮಲಗಿರೋ ಮಗು ಅಂತ ಊಹಿಸ್ಕೊಳ್ಳಿ. ಓಲೆ ಹಾಕೋ ಹಾಲೆ ಜಾಗ ತಲೆ, ಒಳಗಡೆ ಎದ್ದಿರೋ ಏಣು ಬೆನ್ನುಮೂಳೆ, ಮೇಲ್ಗಡೆ ಕೈಕಾಲು. ಈ ನಕ್ಷೆ ಚೀನಾದ್ದು ಅಂದ್ಕೋತಾರೆ, ಆದರೆ ಮಾಡಿದ್ದು ಫ್ರಾನ್ಸಿನ ಲಿಯಾನ್ ಊರಿನ ಪಾಲ್ ನೋಜಿಯೆ ಅನ್ನೋ ಡಾಕ್ಟರು, 1950ರ ದಶಕದಲ್ಲಿ. ಅವರ ಹತ್ರ ಬರ್ತಿದ್ದ ಕೆಲವು ರೋಗಿಗಳ ಕಿವಿ ಮೇಲೆ ಸುಟ್ಟ ಕಲೆ ಇತ್ತಂತೆ. ಸೊಂಟದಿಂದ ಕಾಲಿಗೆ ಹರಿಯೋ ನೋವಿಗೆ ನಾಟಿ ವೈದ್ಯರು ಕಿವಿಗೆ ಬರೆ ಹಾಕಿದ್ದು! ಅಲ್ಲಿಂದ ಅವರ ಹುಡುಕಾಟ ಶುರುವಾಯ್ತು. ಚೀನಾದವರು ಆಮೇಲೆ ತಮ್ಮದೇ ನಕ್ಷೆ ಬೆಳೆಸಿದರು.

ನಕ್ಷೆಯ ಒಂದೊಂದು ಬಿಂದುವೂ ಒಂದೊಂದು ಅಂಗಕ್ಕೆ ಕಟ್ಟಿಕೊಂಡಿದೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ, ನಮ್ಮ ಕೆಲವು ಮೇಡಂಗಳೂ ಇದನ್ನ ಒಪ್ತಾರೆ. ಆದರೆ ಕಿವಿಯ ಗುಳಿಗೆ ವೇಗಸ್ ನರದ ಒಂದು ಕವಲು ಬರೋದು ನಿಜ. ಹೃದಯ ಬಡಿತ, ಜೀರ್ಣ, ಎಲ್ಲದರಲ್ಲೂ ಕೈ ಇರೋ ನರ ಅದು. ಕಿವಿಗೆ ಸೂಜಿ ಹಾಕಿದಾಗ ಎಷ್ಟೋ ಜನಕ್ಕೆ ಮೈ ಸಡಿಲಾಗಿ ನಿದ್ದೆ ಎಳೆಯೋದು ಇದರಿಂದಲೇ ಇರಬಹುದು ಅಂತ ಒಂದು ವಾದ. ಅಮೆರಿಕದ ವಾಯುಪಡೆಯ ಡಾಕ್ಟರ್ ರಿಚರ್ಡ್ ನೀಮ್‌ಟ್ಸೊ 2001ರಲ್ಲಿ ನೋವಿಗೆ ಅಂತಾನೇ ಕಿವಿಯ ಐದು ಬಿಂದುಗಳ ಕ್ರಮ ರೂಪಿಸಿದರು, ಸೈನಿಕರಿಗೆ ಹಾಕೋಕೆ. ಬಟ್ಟೆ ಬಿಚ್ಚಿಸೋದು ಬೇಡ, ಕೂತಲ್ಲೇ ಆಗುತ್ತೆ.

ಚುಚ್ಚೋಕೆ ಮುಂಚೆ ಮೊಂಡು ತುದಿಯ ಕಡ್ಡಿಯಿಂದ ಕಿವಿಯನ್ನ ಒತ್ತಿ ಒತ್ತಿ ನೋಡ್ತೀವಿ. ಒಂದು ಕಡೆ ರೋಗಿ "ಅಯ್ಯಪ್ಪಾ" ಅಂತ ಮುಖ ಹಿಂಡ್ತಾರೆ, ಅಲ್ಲಿಗೇ ಹಾಕೋದು. ಸೂಜಿ ಭಯ ಇದ್ರೆ ಸಣ್ಣ ಬೀಜ ಅಂಟಿಸಿದ ಪ್ಲಾಸ್ಟರ್ ಹಾಕಿ ಕಳಿಸ್ತೀವಿ, ಮನೇಲಿ ದಿನಕ್ಕೆ ಮೂರ್ನಾಲ್ಕು ಸಲ ಒತ್ತಿಕೊಂಡ್ರಾಯ್ತು. ಅಮ್ಮಂಗೆ ಅದೇ ಸಾಕು ಅನ್ಸುತ್ತೆ. ಅಂದಹಾಗೆ ಮಕ್ಕಳಿಗೆ ಕಿವಿ ಚುಚ್ಚಿಸೋದು, ಗಣಪತಿ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆಯೋದು ಎಲ್ಲಾ ಹಿರಿಯರ ಅಕ್ಯುಪಂಕ್ಚರ್ ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅದನ್ನ ನಮ್ಮ ಪಠ್ಯದಲ್ಲಿ ಎಲ್ಲೂ ಓದಿಲ್ಲ.

ಸ್ಟಾಫ್ ನರ್ಸ್, ದಾವಣಗೆರೆ

ಕಿವಿಗೆ ಬೀಜಾನೇ ಒಳ್ಳೇದು, ನಾನೂ ಅದನ್ನೇ ಹೇಳ್ತೀನಿ. ಡ್ರಾಯಿಂಗ್ ಪಿನ್ ಥರದ ಪುಟಾಣಿ ಸೂಜಿನ ಕಿವಿಯಲ್ಲೇ ದಿನಗಟ್ಟಲೆ ಬಿಡೋ ಪದ್ಧತಿಯೂ ಐತೆ. ಕಿವಿಯ ಮೆದುಮೂಳೆಗೆ ರಕ್ತ ಓಡಾಟ ಕಮ್ಮಿ, ಕೀವು ಹಿಡಿದ್ರೆ ಬೇಗ ಬಗ್ಗಲ್ಲ, ಕಿವಿ ಸೊಟ್ಟಗಾಗಿಬಿಡುತ್ತೆ. ಸಕ್ಕರೆ ಇರೋರಿಗೆ ಅದು ಬೇಡವೇ ಬೇಡ. ಕಿವಿ ಕೆಂಪಾಗಿ, ಬಿಸಿಯಾಗಿ, ಊದಿದ್ರೆ ಅರಿಶಿನ ಹಚ್ಚಿಕೊಂಡು ಕಾಯಬೇಡಿ.

ಗ್ಯಾರೇಜ್ ಮಾಲೀಕ, ಹರಿಹರ

ನಂದು ಗುಟ್ಕಾ ಚಟ ರೀ. ಕಿವಿಗೆ ಸೂಜಿ ಹಾಕಿದ್ರೆ ಚಟ ಬಿಡುತ್ತೆ ಅಂತ ಯಾರೋ ಹೇಳಿದ್ರು, ಹೋದೆ. ಎರಡೂ ಕಿವಿಗೆ ಐದೈದು ಹಾಕಿ ಮುಕ್ಕಾಲು ಗಂಟೆ ಕೂರಿಸ್ತಿದ್ರು. ಕೂತಾಗ ತಲೆ ಹಗುರ, ಸಿಟ್ಟು ಕಮ್ಮಿ, ಅದು ಸುಳ್ಳಲ್ಲ. ಹೊರಗೆ ಬಂದು ಪಾನ್ ಅಂಗಡಿ ಕಂಡ ತಕ್ಷಣ ಬಾಯಿ ಮತ್ತೆ ನೀರೂರೋದು. ಕೊನೆಗೆ ಬಿಟ್ಟಿದ್ದು ಹಲ್ಲಿನ ಡಾಕ್ಟ್ರು ಬಾಯೊಳಗಿನ ಬಿಳಿ ಮಚ್ಚೆ ಕನ್ನಡೀಲಿ ತೋರಿಸಿದ ದಿನ. ಸೂಜಿ ಬೈಯಲ್ಲ, ಅದೊಂದರಿಂದಲೇ ಆಗುತ್ತೆ ಅಂತ ಹೇಳೋಕೂ ಹೋಗಲ್ಲ.

ಫಾರ್ಮಸಿ ಉಪನ್ಯಾಸಕ, ಚಿತ್ರದುರ್ಗ

ಅಣ್ಣಾ, ನಿಮಗೆ ಹಾಕಿದ್ದು ನಾಡಾ ಕ್ರಮ ಇರಬೇಕು. ಹಾಂಕಾಂಗಿನ ಡಾಕ್ಟರ್ ವೆನ್ 1970ರ ದಶಕದ ಆರಂಭದಲ್ಲಿ ಅಫೀಮು ಚಟದವರಿಗೆ ಕಿವಿಯಲ್ಲಿ ಸೂಜಿ ಹಾಕಿ ಸಣ್ಣ ಕರೆಂಟ್ ಕೊಟ್ಟಾಗ ಒದ್ದಾಟ ಕಮ್ಮಿಯಾಗಿದ್ದನ್ನ ಬರೆದಿಟ್ಟರು. ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಯಲ್ಲಿ ಅದು ಕರೆಂಟಿಲ್ಲದ ಐದು ಸೂಜಿಯ ಪದ್ಧತಿ ಆಯ್ತು, 1985ರಲ್ಲಿ ಅದಕ್ಕೊಂದು ಸಂಘವೂ ಹುಟ್ಟಿತು, ನಾಡಾ ಅನ್ನೋದು ಆ ಸಂಘದ ಹೆಸರೇ. ಅಲ್ಲೂ ಅದು ಸಮಾಲೋಚನೆಯ ಜೊತೆಗೇ ನಡೆಯೋದು. ತಂಬಾಕು ಬಿಡಿಸೋದರಲ್ಲಿ ಸೂಜಿಗೆ ಶಾಶ್ವತ ಫಲ ಇದೆ ಅಂತ ತೋರಿಸೋಕೆ ಪ್ರಯೋಗಗಳಿಗೆ ಆಗಿಲ್ಲ.

ಶೇಂಗಾ ವ್ಯಾಪಾರಿ, ಚಳ್ಳಕೆರೆ

ಎಲ್ಲರೂ ಒಳ್ಳೇದೇ ಬರೆದಿದೀರಿ, ನಮ್ಮನೇಲಿ ಆಗಿದ್ದೂ ಹೇಳ್ತೀನಿ. ನಮ್ಮಪ್ಪಗೆ ಕಾಲು ಜೋಮಿಗೆ ಅಂತ ಒಬ್ಬರ ಹತ್ರ ಕರ್ಕೊಂಡು ಹೋಗಿದ್ವಿ. ಅವರು ನಾಡಿ ಹಿಡಿದು, ಒಂದೇ ಸೂಜಿ ಹಾಕಿ, "ಇನ್ಮೇಲೆ ಸಕ್ಕರೆ ಮಾತ್ರೆ, ಬಿಪಿ ಮಾತ್ರೆ ಎಲ್ಲಾ ಎಸೀರಿ, ಅದೇ ನಿಮ್ಮ ರೋಗ" ಅಂದ್ರು. ಅಪ್ಪ ಖುಷಿಯಿಂದ ಎಸೆದರು. ಸಕ್ಕರೆ 400 ದಾಟಿ, ಮಾತು ತೊದಲೋಕೆ ಶುರುವಾದಾಗ ಆಸ್ಪತ್ರೆಗೆ ಓಡಿದ್ದು. ಬದುಕಿದರು. ಯಾರು ಅಂತ ಹೆಸರು ಹೇಳಲ್ಲ, ಆ ಥರದವರು ಒಬ್ಬರಲ್ಲ. ಮಾತ್ರೆ ಬಿಡಿ ಅಂದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಎದ್ದು ಬನ್ನಿ ತಂಗಿ.

ನ್ಯಾಚುರೋಪತಿ ಇಂಟರ್ನ್, ಊರು ಹೊಳಲ್ಕೆರೆ

ಅಣ್ಣ ಹೇಳಿದ್ದು ಓದಿ ಬೇಜಾರಾಯ್ತು. ಅಕ್ಕ, ಯಾರ ಹತ್ರ ಹೋಗಬೇಕು ಅಂತ ಕೇಳಿದ್ರಿ. ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಅಕ್ಯುಪಂಕ್ಚರನ್ನ ಪ್ರತ್ಯೇಕ ಚಿಕಿತ್ಸಾ ವಿಧಾನ ಅಂತ ಒಪ್ಪಿದೆ. ಪಶ್ಚಿಮ ಬಂಗಾಳ, ಮಹಾರಾಷ್ಟ್ರದಲ್ಲಿ ಇದಕ್ಕೇ ಅಂತ ಕಾನೂನಿದೆ. ಆದರೂ ವಾರಾಂತ್ಯದ ಕೋರ್ಸ್ ಮಾಡಿ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿದವರೂ ಡಾಕ್ಟರೇ ಅಂತ ಬೋರ್ಡ್ ಹಾಕ್ತಾರೆ. ಬಿ.ಎನ್.ವೈ.ಎಸ್., ಅಂದ್ರೆ ನ್ಯಾಚುರೋಪತಿ ಮತ್ತು ಯೋಗದ ಪದವಿ, ಓದಿದವರಿಗೆ ಇದು ಪಠ್ಯದಲ್ಲೇ ಇರುತ್ತೆ. ಎಂ.ಬಿ.ಬಿ.ಎಸ್. ಮಾಡಿ ಆಮೇಲೆ ಕಲಿತವರೂ ಇದಾರೆ. ನೋಂದಣಿ ಸಂಖ್ಯೆ ಕೇಳಿ, ಕೇಳಿದ್ದಕ್ಕೆ ಮುಖ ಊದಿಸಿಕೊಂಡ್ರೆ ಅಲ್ಲಿಗೇ ಬಿಡಿ. ಸೂಜಿ ಪೊಟ್ಟಣ ನಿಮ್ಮೆದುರೇ ಒಡೀಬೇಕು, ಬಳಸಿದ್ದು ಸೀದಾ ಸೂಜಿ ಡಬ್ಬಿಗೆ ಹೋಗಬೇಕು. "ನಿಮಗೆ ಅಂತಾನೇ ಒಂದು ಸೆಟ್ ಇಟ್ಟಿರ್ತೀವಿ, ಕುದಿಸಿ ಹಾಕ್ತೀವಿ" ಅಂದ್ರೆ ಬೇಡ. ಫಿಸಿಯೋಥೆರಪಿಯವರು ಮಾಡೋ ಡ್ರೈ ನೀಡ್ಲಿಂಗ್ ಬೇರೆ, ಸೂಜಿ ಅದೇ ಆದ್ರೂ ಬಿಗಿದ ಮಾಂಸಖಂಡಕ್ಕೆ ನೇರ ಹಾಕೋದು, ಮಾರನೇ ದಿನ ಸ್ವಲ್ಪ ನೋಯುತ್ತೆ.

ಕೇಳಿದವರು

ಎಲ್ಲಾ ಅಮ್ಮಂಗೆ ಓದಿ ಹೇಳಿದೆ. ನನ್ನ ತಲೆನೋವಿಗೆ ಮೊದಲು ನಾನೇ ಹೋಗ್ತೀನಿ, ನರರೋಗದ ಡಾಕ್ಟ್ರ ಮಾತ್ರೆ ಬಿಡಲ್ಲ, ನೋವು ಬಂದ ದಿನಗಳನ್ನ ಕ್ಯಾಲೆಂಡರಲ್ಲಿ ಗುರುತು ಹಾಕ್ತೀನಿ. ಅಮ್ಮಂಗೆ ಸದ್ಯಕ್ಕೆ ಕಿವಿ ಬೀಜ, ತೊಡೆ ವ್ಯಾಯಾಮ. ಅವರದೊಂದೇ ಪ್ರಶ್ನೆ: ಸೋಮವಾರ ಉಪವಾಸ ಇರ್ತಾರೆ, ಅವತ್ತು ಹೋದ್ರೆ ನಡೆಯುತ್ತಾ?

ನಿವೃತ್ತ ಮೇಷ್ಟ್ರು, ವಿದ್ಯಾನಗರ

ಬೇಡ ತಾಯಿ. ಬರೀ ಹೊಟ್ಟೇಲಿ ಸೂಜಿ ಹಾಕಿಸಿಕೊಂಡ್ರೆ ತಲೆ ಸುತ್ತಿ ಬೀಳೋರಿದಾರೆ, ನನ್ನ ಪಕ್ಕದ ಮಂಚದಲ್ಲೇ ಒಬ್ಬ ಗಟ್ಟಿ ಆಳು ಬೆವೆತು ಬಿಳಿಚಿಕೊಂಡಿದ್ದ. ಅದೂ ಸಕ್ಕರೆ ಮಾತ್ರೆ ತಗೊಳ್ಳೋರು. ಮಂಗಳವಾರ ಕರ್ಕೊಂಡು ಹೋಗಿ, ತಿಂಡಿ ತಿನ್ನಿಸಿ. ಮಂಡಿಗೆ ಹಾಕಿಸೋ ದಿನ ಬಂದ್ರೆ ಸೀರೆ ಬದಲು ಸಡಿಲವಾದ ನೈಟಿ ಹಾಕಿಸಿ, ಮೇಲಕ್ಕೆ ಸರಿಸೋಕೆ ಅನುಕೂಲ.