ದಪ್ಪಿನ ಏಟು ಜೋರು, ಹಾಡಿನ ಧ್ವನಿ ಸಣ್ಣ: ಆಡಿಯೋ ಎಡಿಟಿಂಗ್ ಪ್ರಶ್ನೋತ್ತರ

ಪ್ರಶ್ನೆ, ಮುಧೋಳದಿಂದ:
ಸರ್, ನಮಸ್ಕಾರ. ನಮ್ಮೂರ ಜಾತ್ರೆಯಲ್ಲಿ ಗೀಗೀ ಪದ ಇಟ್ಟಿದ್ದರು, ನಾನು ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿದೆ. 40 ನಿಮಿಷ ಇದೆ. ಈಗ ಕೇಳಿದರೆ ಹಾಡುವವರ ಧ್ವನಿ ಸಣ್ಣ, ದಪ್ಪಿನ ಏಟು ಮಾತ್ರ ಕಿವಿಗೆ ಬಡಿದ ಹಾಗೆ. ಆಡಾಸಿಟಿ ಅನ್ನೋ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ನಾರ್ಮಲೈಸ್ ಒತ್ತಿದೆ, ಎರಡು ಸಲ ಒತ್ತಿದೆ, ಏನೂ ಬದಲಾಗಲಿಲ್ಲ. ಸಾಫ್ಟ್‌ವೇರ್ ಕೆಟ್ಟಿದೆಯಾ, ಇಲ್ಲಾ ನಾನೇ ತಪ್ಪು ಮಾಡಿದೆನಾ?

ಉತ್ತರ, ಬೆಳಗಾವಿಯಿಂದ:
ಎರಡೂ ಅಲ್ಲ. ನಾರ್ಮಲೈಸ್ ತನ್ನ ಕೆಲಸ ಮಾಡಿದೆ, ನಿಮಗೆ ಬೇಕಾದ ಕೆಲಸ ಅದಲ್ಲ ಅಷ್ಟೇ.

ಡಿಜಿಟಲ್‌ನಲ್ಲಿ ಸದ್ದಿನ ಅಳತೆ 0 ಡೆಸಿಬೆಲ್‌ಗೆ ಮುಗಿಯುತ್ತದೆ. ಅದಕ್ಕಿಂತ ಮೇಲೆ ಜಾಗ ಇಲ್ಲ, ಅದಕ್ಕೇ ಉಳಿದ ಅಂಕಿಗಳೆಲ್ಲ ಮೈನಸ್‌ನಲ್ಲಿ ಇರುತ್ತವೆ. ನಾರ್ಮಲೈಸ್ ಏನು ಮಾಡುತ್ತದೆ ಅಂದರೆ, ಇಡೀ ಫೈಲಿನಲ್ಲಿ ಎಲ್ಲಕ್ಕಿಂತ ಎತ್ತರದ ಒಂದು ಜಾಗ ಹುಡುಕುತ್ತದೆ. ಅದನ್ನು ನೀವು ಹೇಳಿದ ಮಟ್ಟಕ್ಕೆ, ಅಂದರೆ ಮೈನಸ್ 1ಕ್ಕೆ ಅಂತ ಇಟ್ಟುಕೊಳ್ಳಿ, ಎತ್ತುತ್ತದೆ. ಉಳಿದದ್ದು ಅದರ ಜೊತೆಗೇ ಅಷ್ಟೇ ಏರುತ್ತದೆ. ತೇರು ಎಳೆಯುವಾಗ ಕಳಸ ಕರೆಂಟ್ ತಂತಿಗೆ ತಾಗೋ ಹಾಗಿದ್ದರೆ ತೇರನ್ನು ಇನ್ನೂ ಎತ್ತರ ಮಾಡೋಕೆ ಆಗುತ್ತಾ? ನಿಮ್ಮ ಕಳಸ ದಪ್ಪಿನ ಏಟು. ಅದು ಮೊದಲೇ ಮೇಲಿದೆ, ಹಾಡುವವರು ಪಾಪ ಕೆಳಗೆ ಗಾಲಿ ಹತ್ತಿರ ನಿಂತಿದ್ದಾರೆ.

ಇಲ್ಲಿ ಬೇಕಾದದ್ದು ಕಂಪ್ರೆಸರ್, ಜೋರಾದ ಸದ್ದನ್ನು ಮಾತ್ರ ಅದುಮುವ ಎಫೆಕ್ಟ್. ಎಂಪಿ3 ಮಾಡಿ ಫೈಲ್ ಸಣ್ಣ ಮಾಡುವುದಕ್ಕೂ ಕಂಪ್ರೆಷನ್ ಅಂತಾರೆ, ಅದು ಬೇರೆ, ಇದು ಬೇರೆ. ಈ ಹೆಸರಿನ ಗೊಂದಲದಲ್ಲಿ ಬಹಳ ಜನ ಬೀಳ್ತಾರೆ. ಇದರಲ್ಲಿ ಥ್ರೆಶೋಲ್ಡ್ ಅಂದರೆ ಗೆರೆ, ರೇಷಿಯೋ ಅಂದರೆ ಗೆರೆ ದಾಟಿದ್ದನ್ನು ಎಷ್ಟು ಪಾಲು ಇಳಿಸಬೇಕು ಅನ್ನೋದು. ಗೆರೆ ಮೈನಸ್ 18, ರೇಷಿಯೋ 4ಕ್ಕೆ 1 ಅಂತ ಇಡಿ. ದಪ್ಪು ಮೈನಸ್ 2ರಲ್ಲಿದ್ದರೆ ಗೆರೆಗಿಂತ 16 ಮೇಲಿದೆ, ಅದು 4ಕ್ಕೆ ಇಳಿದು ಮೈನಸ್ 14 ಆಗುತ್ತದೆ. ಹಾಡುವವರು ಮೈನಸ್ 20ರಲ್ಲಿದ್ದರೆ ಅವರನ್ನು ಅದು ಮುಟ್ಟೋದೇ ಇಲ್ಲ. ಈಗ ಮೇಲೆ 12 ಡೆಸಿಬೆಲ್ ಜಾಗ ಸಿಕ್ಕಿತು, ಎಲ್ಲವನ್ನೂ ಒಟ್ಟಿಗೆ 12 ಏರಿಸಿ. ದಪ್ಪು ಮತ್ತೆ ಮೈನಸ್ 2ಕ್ಕೆ ಬಂತು, ಧ್ವನಿ ಮೈನಸ್ 8ಕ್ಕೆ ಬಂತು. ಆದರೆ ಜಾತ್ರೆಯ ಪೀಪಿ, ಜನರೇಟರ್ ಸದ್ದೂ 12 ಏರಿರುತ್ತದೆ, ಆಮೇಲೆ ನನ್ನ ಮೇಲೆ ಸಿಟ್ಟಾಗಬೇಡಿ.

ಇನ್ನೊಂದು. ಅಟ್ಯಾಕ್ ಅಂತ ಒಂದು ಗುಂಡಿ ಇರುತ್ತದೆ, ಗೆರೆ ದಾಟಿದ ಮೇಲೆ ಎಷ್ಟು ಬೇಗ ಅದುಮಬೇಕು ಅನ್ನೋದು ಅದರಲ್ಲಿ. ತೀರಾ ಬೇಗ ಇಟ್ಟರೆ ದಪ್ಪಿನ ಆ 'ಟಕ್' ಅನ್ನೋದೇ ಸತ್ತು ಬರೀ 'ಡಬ್' ಉಳಿಯುತ್ತದೆ. ಜೋರಾದ ಏಟು ಹತ್ತಿಪ್ಪತ್ತು ಮಾತ್ರ ಇದ್ದರೆ ಕಂಪ್ರೆಸರ್ ಬೇಡವೇ ಬೇಡ, ಒಂದೊಂದನ್ನೇ ಸೆಲೆಕ್ಟ್ ಮಾಡಿ 6 ಡೆಸಿಬೆಲ್ ಇಳಿಸಿ, ಆಮೇಲೆ ನಾರ್ಮಲೈಸ್ ಮಾಡಿ. ಬೇಜಾರಿನ ಕೆಲಸ ಹೌದು, ಆದರೆ ನಾನಾದರೆ ಇದನ್ನೇ ಮಾಡ್ತೀನಿ.

ಮುಧೋಳದವರು:
ಬಹಳ ಉಪಕಾರ ಸರ್. ಜೂಮ್ ಮಾಡಿ ನೋಡಿದೆ, ಕೆಲವು ಏಟುಗಳ ತುದಿ ಚೂಪಾಗಿಲ್ಲ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚಪ್ಪಟೆ ಇದೆ. ಅಲ್ಲಿ 'ಚರ್ರ್' ಅಂತ ಒಡೆದ ಸದ್ದು. ವಾಲ್ಯೂಮ್ ಇಳಿಸಿದರೂ ಹೋಗ್ತಿಲ್ಲ.

ಉತ್ತರ:
ಅದು ಕ್ಲಿಪ್ಪಿಂಗ್. ಏಟು 0 ದಾಟಿ ಹೋಗಬೇಕಿತ್ತು, ಜಾಗ ಇಲ್ಲದ್ದಕ್ಕೆ ಮೊಬೈಲು ಮೇಲಿನ ಭಾಗವನ್ನು ಬರೆದುಕೊಳ್ಳಲೇ ಇಲ್ಲ. ತೆನೆ ಕೊಯ್ದ ಮೇಲೆ ಬರೀ ಜೋಳದ ದಂಟು ನೋಡಿ ತೆನೆ ಎಷ್ಟುದ್ದ ಇತ್ತು ಅಂತ ಹೇಳಬಹುದಾ? ವಾಲ್ಯೂಮ್ ಇಳಿಸಿದರೆ ಚಪ್ಪಟೆ ತುದಿ ಕೆಳಗೆ ಬರುತ್ತದೆ, ಚಪ್ಪಟೆಯಾಗಿಯೇ ಬರುತ್ತದೆ. ಕ್ಲಿಪ್ ಫಿಕ್ಸ್ ಅಂತ ಒಂದು ಎಫೆಕ್ಟ್ ಇದೆ, ಅಕ್ಕಪಕ್ಕ ನೋಡಿ ತುದಿಯನ್ನು ಅಂದಾಜಿನಲ್ಲಿ ಬಿಡಿಸುತ್ತದೆ. ಸಣ್ಣಪುಟ್ಟದ್ದಕ್ಕೆ ಪರವಾಗಿಲ್ಲ, ಅಷ್ಟೇ. ಮುಂದಿನ ಸಲ ದಪ್ಪಿನವರಿಗೆ ಒಮ್ಮೆ ಜೋರಾಗಿ ಬಾರಿಸಲು ಹೇಳಿ, ಆ ಏಟು ಮೈನಸ್ 10ರ ಹತ್ತಿರ ನಿಲ್ಲುವ ಹಾಗೆ ಗೇನ್ ಇಟ್ಟುಕೊಳ್ಳಿ. ಮೇಳ ರಂಗೇರಿದ ಮೇಲೆ ಅವರು ಇನ್ನೂ ಜೋರಾಗಿಯೇ ಬಾರಿಸೋದು. ಗೇನ್ ಅಂದರೆ ಒಳಗೆ ಬರುವಾಗಿನ ಅಳತೆ, ವಾಲ್ಯೂಮ್ ಅಂದರೆ ಹೊರಗೆ ಕೇಳುವಾಗಿನದು. ಒಳಗೆ ಕೆಟ್ಟದ್ದು ಹೊರಗೆ ಸರಿ ಆಗೋದಿಲ್ಲ.

ಪ್ರಶ್ನೆ, ವಿಜಯಪುರದಿಂದ:
ಸರ್, ನಾನೂ ಒಂದು ಕೇಳ್ತೀನಿ. ನಮ್ಮ ಮಹಿಳಾ ಭಜನಾ ಮಂಡಳಿಯ ಹಾಡು, ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಹಾಡಿದ್ದೆವು. ವಿಡಿಯೋಗೆ ಸ್ಯಾಂಪಲ್ ರೇಟ್ 48 ಇರಬೇಕು ಅಂತ ಯಾರೋ ಹೇಳಿದರು, ಟ್ರ್ಯಾಕಿನ ಹೆಸರಿನ ಮೆನುವಿನಲ್ಲಿ 44.1 ಇದ್ದದ್ದನ್ನು 48 ಮಾಡಿದೆ. ಈಗ ಹಾಡು ಓಡ್ತಾ ಇದೆ, ಶ್ರುತಿ ಹಾರ್ಮೋನಿಯಂನ ಯಾವ ಮನೆಗೂ ಕೂಡ್ತಿಲ್ಲ. ಹಾಳಾಯ್ತಾ?

ಉತ್ತರ:
ಹಾಳಾಗಿಲ್ಲ ಅಕ್ಕಾರೆ, ಅದೇ ಮೆನುವಿನಲ್ಲಿ ವಾಪಸ್ 44.1 ಮಾಡಿ, ಸರಿ ಆಗುತ್ತದೆ.

ಸ್ಯಾಂಪಲ್ ರೇಟ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದು ಬರೆದುಕೊಂಡಿದೆ ಅನ್ನೋದು. 44.1 ಅನ್ನೋದು ಸಾವಿರದ ಲೆಕ್ಕ, ಅಂದರೆ ನಿಮ್ಮ ಫೈಲಿನಲ್ಲಿ 44,100 ಸಲ ಅಳೆದಿದೆ. ನೀವು ಮೆನುವಿನಲ್ಲಿ ಬದಲಿಸಿದ್ದು ಬರೀ ಚೀಟಿ, ಒಳಗಿನ ಸರಕು ಹಾಗೇ ಇದೆ. ಸಾಫ್ಟ್‌ವೇರ್ ಚೀಟಿ ನಂಬಿ ಸೆಕೆಂಡಿಗೆ 48,000 ತೆಗೆದು ನುಡಿಸುತ್ತಿದೆ. ಹಾಗಾಗಿ 10 ನಿಮಿಷದ ಭಜನೆ 9 ನಿಮಿಷ 11 ಸೆಕೆಂಡಿಗೆ ಮುಗಿಯುತ್ತದೆ, ಶ್ರುತಿ ಹೆಚ್ಚುಕಡಿಮೆ ಒಂದೂವರೆ ಮನೆ ಮೇಲೇರುತ್ತದೆ. ಕಪ್ಪು ಒಂದು ಇದ್ದದ್ದು ಬಿಳಿ ಎರಡು ದಾಟಿ, ಕಪ್ಪು ಎರಡು ಮುಟ್ಟದೆ, ನಡುವೆ ಸಿಕ್ಕಿಕೊಂಡಿದೆ. ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ ನೋಡ್ರಿ. ನಿಜವಾಗಿ 48 ಬೇಕಿದ್ದರೆ ಟ್ರ್ಯಾಕ್ಸ್ ಮೆನುವಿನಲ್ಲಿ ರೀಸ್ಯಾಂಪಲ್ ಇದೆ, ಅದು ಹೊಸದಾಗಿ ಲೆಕ್ಕ ಹಾಕಿ ಬರೆಯುತ್ತದೆ, ಶ್ರುತಿ ಕದಲೋದಿಲ್ಲ.

44.1 ಅನ್ನೋ ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂತ ಮುಂದೆ ಯಾರಾದರೂ ಕೇಳೇ ಕೇಳ್ತಾರೆ. 1982ರಲ್ಲಿ ಸಿಡಿ ಬರುವ ಮೊದಲು ಡಿಜಿಟಲ್ ಧ್ವನಿಯನ್ನು ವಿಡಿಯೋ ಟೇಪಿನ ಮೇಲೆ ಬರೆಯುತ್ತಿದ್ದರು, ಆ ಟೇಪಿನ ಗೆರೆಗಳ ಲೆಕ್ಕಕ್ಕೆ ಹೊಂದಿಕೊಂಡ ಅಂಕಿ ಅದು. ಮನುಷ್ಯನ ಕಿವಿಗೆ ಕೇಳೋದು 20,000 ಹರ್ಟ್ಜ್‌ವರೆಗೆ, ಅದನ್ನು ಹಿಡಿಯಲು ಎರಡು ಪಟ್ಟಿಗಿಂತ ಜಾಸ್ತಿ ಸಲ ಅಳೆಯಬೇಕು. ಅದಕ್ಕೆ 44,100 ಸಾಕು.

ವಿಜಯಪುರದವರು:
ವಾಪಸ್ ಬಂತು ಸರ್, ಜೀವ ಬಂತು! ಇನ್ನೊಂದೇ. ಫ್ಯಾನಿನ ಸದ್ದು, ಕರೆಂಟಿನ ಗುಂಯ್ ಅನ್ನೋದು ಇದೆ. ನಾಯ್ಸ್ ರಿಡಕ್ಷನ್ ಮಾಡಿದರೆ ನೀರೊಳಗೆ ಹಾಡಿದ ಹಾಗೆ ಆಗ್ತಿದೆ, ಶ್ರುತಿ ಪೆಟ್ಟಿಗೆಯ ಸದ್ದೇ ಮಾಯ.

ಉತ್ತರ:
ನಾಯ್ಸ್ ಪ್ರೊಫೈಲ್, ಅಂದರೆ ತೆಗೆಯಬೇಕಾದ ಸದ್ದಿನ ಮಾದರಿ, ತೆಗೆದುಕೊಂಡ ಜಾಗದಲ್ಲಿ ಶ್ರುತಿ ಪೆಟ್ಟಿಗೆ ನುಡಿಯುತ್ತಿತ್ತಾ? ನುಡಿಯುತ್ತಿದ್ದರೆ ನೀವೇ ಅದನ್ನು ಕಸ ಅಂತ ತೋರಿಸಿದ ಹಾಗೆ ಆಯಿತು. ಒಂದೇ ಸಮ ಬರುವ ಸದ್ದು ಫ್ಯಾನೋ ಶ್ರುತಿಯೋ ಅಂತ ಅದಕ್ಕೇನು ಗೊತ್ತು.

ವಿಜಯಪುರದವರು:
ಅಯ್ಯೋ, ಹೌದು. ಶುರುವಿನಿಂದ ಕೊನೆವರೆಗೂ ಹಚ್ಚಿಯೇ ಇಟ್ಟಿದ್ದೆವು. ಖಾಲಿ ಜಾಗವೇ ಇಲ್ಲ.

ಉತ್ತರ:
ಹಾಗಾದರೆ ನಾಯ್ಸ್ ರಿಡಕ್ಷನ್ ಬಿಟ್ಟುಬಿಡಿ. ಕರೆಂಟಿನ ಗುಂಯ್ ನಮ್ಮಲ್ಲಿ 50 ಹರ್ಟ್ಜ್, ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು 100, 150 ಕೂಡ ಇರುತ್ತವೆ. ಹೈ ಪಾಸ್ ಫಿಲ್ಟರ್ ಹಾಕಿ 60ರ ಕೆಳಗಿನದನ್ನು ತೆಗೆಯಿರಿ. ಬರೀ ಹಾಡಾದರೆ 80 ಅಂತಿದ್ದೆ, ಭಜನೆಯಲ್ಲಿ ಡಗ್ಗಾ ಇರುತ್ತಲ್ಲ, ಅದರ ಗುಮ್ಮು ಹೋದರೆ ತಬಲಾದವರು ಬೈತಾರೆ. ಫ್ಯಾನ್ ಸದ್ದು, 100, 150ರ ಗುಂಯ್ ಉಳಿಯುತ್ತವೆ, ಉಳಿಯಲಿ ಬಿಡಿ. ಮುಂದಿನ ಸಲ ಫ್ಯಾನ್ ಆರಿಸಿ, ಶ್ರುತಿ ಹಚ್ಚುವ ಮೊದಲು ಎಲ್ಲರೂ 10 ಸೆಕೆಂಡ್ ಸುಮ್ನೆ ಕೂತುಕೊಳ್ಳಿ, ಅಷ್ಟು ಖಾಲಿ ಸಿಕ್ಕರೆ ಪ್ರೊಫೈಲ್‌ಗೆ ಸಾಕು.

ಮುಧೋಳದವರು:
ಸರ್, ಕಟ್ ಮಾಡಿ ಜೋಡಿಸಿದ ಕಡೆ 'ಚಟ್' ಅಂತದೆ?

ಉತ್ತರ:
ಅಲೆ ಮೇಲಿದ್ದಾಗ ಕಟ್ ಮಾಡಿರ್ತೀರಿ. ಜೂಮ್ ಮಾಡಿ, ಅಲೆ ನಡುಗೆರೆ ದಾಟುವ ಜಾಗದಲ್ಲಿ ಕತ್ತರಿಸಿ, ಜೀರೋ ಕ್ರಾಸಿಂಗ್ ಅನ್ನೋದು ಅದಕ್ಕೇ. ಇಲ್ಲದಿದ್ದರೆ ಎರಡು ತುಂಡಿಗೂ ಸಣ್ಣದೊಂದು ಕ್ರಾಸ್‌ಫೇಡ್ ಕೊಡಿ, ಒಂದು ಇಳಿಯುತ್ತಾ ಹೋದ ಹಾಗೆ ಇನ್ನೊಂದು ಏರುತ್ತಾ ಬರುತ್ತದೆ. ಕೆಲಸ ಮುಗಿಯುವವರೆಗೆ ವೇವ್ ಫೈಲೇ ಇರಲಿ. ಸ್ಟೀರಿಯೋ ನಿಮಿಷಕ್ಕೆ 10 ಎಂಬಿ ಆಗುತ್ತದೆ, ಆಗಲಿ. ಪ್ರತಿ ಸಲ ಎಂಪಿ3ಗೆ ಸೇವ್ ಮಾಡಿದಾಗಲೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತೀರಿ, ಕೊನೆಗೆ ಒಂದೇ ಸಲ ಮಾಡಿ. ಆ ಚಪ್ಪಟೆ ಏಟುಗಳ ತುಂಡೊಂದು ವಾಟ್ಸಾಪ್‌ನಲ್ಲಿ ಕಳಿಸಿ, ನೋಡ್ತೀನಿ. ಡಾಕ್ಯುಮೆಂಟ್ ಆಗಿ ಕಳಿಸಿ ಮತ್ತೆ, ಸ್ಪೀಕರ್ ಮುಂದೆ ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಬೇಡಿ, ಹೋದ ವಾರ ಒಬ್ಬರು ಹಾಗೇ ಕಳಿಸಿದ್ದರು.