ಗಾಡಿಯಲ್ಲದ ಗಾಡಿ

ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನ ದರ್ಶಿನಿಯ ಮುಂದೆ ನಾನು, ವಿಮಲಾ, ಶ್ರೀಕಂಠ ಇಡ್ಲಿ ತಿನ್ನುತ್ತಾ ನಿಂತಿದ್ದೆವು. ಸದ್ದೇ ಇಲ್ಲದೆ ಏನೋ ಒಂದು ನನ್ನ ಮೊಣಕಾಲಿಗೆ ತಾಗಿ ನಿಂತಿತು. ಬೆಚ್ಚಿಬಿದ್ದು ಚಟ್ನಿಯನ್ನೆಲ್ಲ ಪ್ಯಾಂಟಿಗೆ ಅಭಿಷೇಕ ಮಾಡಿಕೊಂಡೆ. ತಿರುಗಿ ನೋಡಿದರೆ ನಾಗರಾಜ, ಹೊಸ ಎಲೆಕ್ಟ್ರಿಕ್ ಸ್ಕೂಟರ್ ಮೇಲೆ.

"ಹಾರ್ನ್ ಆದ್ರೂ ಹೊಡೀಬಾರದೇನೋ?"

"ಬೀದಿ ನಾಯಿಗಳಿಗೇ ಗೊತ್ತಾಗಲ್ಲ, ಇನ್ನು ನಿನಗೆಲ್ಲಿ ಗೊತ್ತಾಗತ್ತೆ!"

ನಮ್ಮ ಬೀದಿಯಲ್ಲಿ ರಾತ್ರಿ ಹತ್ತರ ಮೇಲೆ ಬೈಕ್ ತಂದರೆ ಆರು ನಾಯಿ ಮನೆ ಬಾಗಿಲ ತನಕ ಬೀಳ್ಕೊಡುತ್ತವೆ. ಇವನ ಸ್ಕೂಟರಿಗೆ ಒಂದೂ ತಲೆ ಎತ್ತುವುದಿಲ್ಲವಂತೆ. ಅದೊಂದು ಕಾರಣಕ್ಕೆ ನನಗೂ ಸ್ವಲ್ಪ ಆಸೆಯಾಯಿತು.

ವಿಮಲಾ ಸ್ಕೂಟರಿಗೆ ಒಂದು ಪ್ರದಕ್ಷಿಣೆ ಹಾಕಿದಳು. ಅವಳದೂ ಎಲೆಕ್ಟ್ರಿಕ್ಕೇ. ಹಸಿರು ಪ್ಲೇಟು, ಬಿಳಿ ಅಕ್ಷರ, ಎಲ್ಲ ಕ್ರಮಬದ್ಧ. "ನಂಬರ್ ಪ್ಲೇಟ್ ಎಲ್ಲೋ?"

"ಬೇಡ. ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ. ಕಾನೂನಿನ ಪ್ರಕಾರ ಇದು ಗಾಡಿನೇ ಅಲ್ಲ."

ನಾಗರಾಜನ ಲೈಸೆನ್ಸ್ ಅವಧಿ ಮುಗಿದು ಮೂರು ವರ್ಷವಾಯಿತು. ರಿನ್ಯೂ ಮಾಡಿಸುವುದಕ್ಕಿಂತ ಲೈಸೆನ್ಸೇ ಬೇಡದ ಗಾಡಿ ಕೊಳ್ಳುವುದು ಸುಲಭ ಎಂದು ಕಂಡುಕೊಂಡ ಮಹಾನುಭಾವ ಅವನು.

"ಮನೇಲೂ ಹೀಗೇ ಹೇಳಿದೆ ಕಣೋ. ಗಾಡಿ ಅಲ್ಲದೇ ಇದ್ರೆ ಐವತ್ತೈದು ಸಾವಿರ ಯಾತಕ್ಕೆ ಕೊಟ್ರಿ ಅಂದಳು."

ಶ್ರೀಕಂಠ ವಕೀಲರೊಬ್ಬರ ಹತ್ತಿರ ಗುಮಾಸ್ತ. ಬಾಯಲ್ಲಿದ್ದ ವಡೆ ನುಂಗಿ ತೀರ್ಪು ಕೊಟ್ಟ. "ಅವನು ಹೇಳೋದು ಸರಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಮೋಟಾರು 250 ವ್ಯಾಟ್‌ಗಿಂತ ಕಮ್ಮಿ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಮ್ಮಿ, ಬ್ಯಾಟರಿ ಬಿಟ್ಟು ತೂಕ 60 ಕೆಜಿ ಒಳಗೆ. ಟೆಸ್ಟಿಂಗ್ ಸಂಸ್ಥೆ ಒಪ್ಪಿರಬೇಕು. ಆಗ ಅದು ಮೋಟಾರು ವಾಹನ ಅಲ್ಲ. ಪೆಡಲ್ ಇರೋ ಇ-ಬೈಕಿಗೂ ಹೀಗೇ. ಅದರಲ್ಲಿ ನೀನು ತುಳಿಯೋದು ನಿಲ್ಲಿಸಿದ್ರೆ ಮೋಟಾರೂ ಕೆಲಸ ನಿಲ್ಲಿಸಬೇಕು."

"ನಮ್ಮ ಆಫೀಸಿನಲ್ಲೂ ಅಷ್ಟೇ," ಅಂದಳು ವಿಮಲಾ. "ಆದ್ರೂ 25 ಸಾಕಾಗತ್ತೇನೋ?"

"ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ 25ರಲ್ಲಿ ಹೋದವರನ್ನ ಒಬ್ಬರನ್ನ ತೋರಿಸು."

ಆ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನಾಗರಾಜ ಅಷ್ಟಕ್ಕೇ ಬಿಡಬಾರದೇ? ದನಿ ತಗ್ಗಿಸಿ, "ಅಂಗಡಿಯವನು ಹೇಳಿದ್ದಾನೆ. ಸೀಟಿನ ಕೆಳಗೆ ಒಂದು ವೈರ್ ಇದೆ. ಅದನ್ನ ಕಿತ್ರೆ 40 ಓಡತ್ತೆ. ನಾಳೆ ಕೀಳಿಸ್ತೀನಿ," ಅಂದ.

ಶ್ರೀಕಂಠ ಕಾಫಿ ಲೋಟ ಕೆಳಗಿಟ್ಟ. "ಕಿತ್ತ ಗಳಿಗೆಯಿಂದ ಅದು ಗಾಡಿ. ರಿಜಿಸ್ಟ್ರೇಷನ್ ಇಲ್ಲ, ಇನ್ಶೂರೆನ್ಸ್ ಇಲ್ಲ, ನಿನಗೆ ಲೈಸೆನ್ಸ್ ಇಲ್ಲ. ನಿನ್ನ ಮಗನಿಗೆಷ್ಟು ವರ್ಷ?"

"ಹದಿನಾಲ್ಕು. ಟ್ಯೂಷನ್‌ಗೆ ತಗೊಂಡು ಹೋಗ್ತಾನೆ."

"2019ರಲ್ಲಿ ಕಾನೂನು ತಿದ್ದಿದ್ದಾರೆ. ಮೈನರ್ ಹುಡುಗ ಮೋಟಾರು ವಾಹನ ಓಡಿಸಿ ತಪ್ಪು ಮಾಡಿದ್ರೆ ಅಪ್ಪನಿಗೆ ಮೂರು ವರ್ಷದವರೆಗೆ ಜೈಲು, ಮೇಲೆ 25,000 ದಂಡ."

"ಒಂದು ವೈರಿಗೆ?"

"ಒಂದು ವೈರಿಗೆ."

ನಾಗರಾಜ ಸೀಟನ್ನು ಒಮ್ಮೆ ಸವರಿ ಸುಮ್ಮನಾದ.

ಚಾರ್ಜಿಂಗ್ ಕಥೆ ಕೇಳಿದರೆ ಇನ್ನೂ ಚೆಂದ. ಅಗ್ಗದ ಸೀಸದ ಬ್ಯಾಟರಿ, ಎತ್ತಿದರೆ ರುಬ್ಬುಗುಂಡು ಎತ್ತಿದಂತೆ. ಎರಡನೇ ಮಹಡಿಗೆ ಹೊರುವವರು ಯಾರು? ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಟ್ಟಿದ್ದಾನೆ. ಮೊದಲನೇ ಮಹಡಿಯಲ್ಲಿರುವ ಓನರ್ ಹೆಂಡತಿ ಅದು ಬಟ್ಟೆ ಒಣಗಿಸುವ ದಾರ ಅಂದುಕೊಂಡು ಎರಡು ಟವೆಲ್, ಒಂದು ಲಂಗ ಹಾಕಿ ಕ್ಲಿಪ್ ಬೇರೆ ಸಿಕ್ಕಿಸಿದ್ದಾರೆ.

"2022ರಲ್ಲಿ ಅಲ್ಲಲ್ಲಿ ಸ್ಕೂಟರ್‌ಗಳು ಹೊತ್ತಿಕೊಂಡವು, ಆಮೇಲೆ ಬ್ಯಾಟರಿ ಪರೀಕ್ಷೆ ಬಿಗಿ ಮಾಡಿದ್ರು," ಅಂದಳು ವಿಮಲಾ. "ನಾನು ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಲ್ಲ, ಆರಲಿ ಅಂತ ಬಿಡ್ತೀನಿ. ಬೇರೆ ಸಾಕೆಟ್ಟೇ ಹಾಕಿಸಿದ್ದೀನಿ. ನಿಮ್ಮನೇಲಿ ಬ್ಯಾಟರಿಗಿಂತ ಮೊದಲು ಆ ಲಂಗ ಹೊತ್ತಿಕೊಳ್ಳತ್ತೆ."

"ಆದ್ರೆ ಉಳಿತಾಯ ನೋಡು! ಪೆಟ್ರೋಲ್ ಲೀಟರಿಗೆ ನೂರರ ಮೇಲೆ. ಇದಕ್ಕೆ ದಿನಕ್ಕೆ ಒಂದೂವರೆ ಯೂನಿಟ್. ಅದೂ ಗೃಹಜ್ಯೋತಿ, 200 ಯೂನಿಟ್ ತನಕ ಸರ್ಕಾರದ ಫ್ರೀ ಕರೆಂಟು, ಬಿಲ್ಲು ಸೊನ್ನೆ."

ಶ್ರೀಕಂಠ ಇದಕ್ಕೂ ಕಲ್ಲು ಹಾಕಿದ. "200 ಯೂನಿಟ್ ಅಂತ ಎಲ್ಲರಿಗೂ 200 ಕೊಡಲ್ಲಪ್ಪ. 2022–23ರ ನಿನ್ನ ಸರಾಸರಿ, ಅದರ ಮೇಲೆ ಶೇಕಡಾ 10, ಅಷ್ಟೇ ಫ್ರೀ. ಆ ವರ್ಷ ನಿಮ್ಮನೇಲಿ ಸ್ಕೂಟರ್ ಕರೆಂಟ್ ಕುಡೀತಿತ್ತಾ?" ನಾಗರಾಜ ಬೆರಳು ಎಣಿಸಿದ. ತಿಂಗಳಿಗೆ ಇನ್ನೂರು ಮುನ್ನೂರು ಕೈಯಿಂದ ಕೊಡಬೇಕಾದೀತು. ನನ್ನನ್ನು ಕೇಳಿದರೆ ಅದೂ ಲಾಭವೇ. ತರಕಾರಿ, ಹಾಲು, ಬ್ಯಾಂಕು ಅಂತ ಎರಡು ಮೂರು ಕಿಲೋಮೀಟರ್ ಸುತ್ತುವವರಿಗೆ ಇದಕ್ಕಿಂತ ಜಾಸ್ತಿ ಏನೂ ಬೇಡ. ಹೆಲ್ಮೆಟ್ ಮಾತ್ರ ಬೇಕು. ಇದಕ್ಕೆ ಅದೂ ಬೇಡ ಎಂದು ನಾಗರಾಜ ವಾದಿಸಿದಾಗ ವಿಮಲಾ ಸ್ಕೂಟರಿನ ಪುಟ್ಟ ಚಕ್ರ ತೋರಿಸಿ, "ನಮ್ಮ ರಸ್ತೆ ಗುಂಡಿಗೆ ಇದು ಗಾಡಿ ಅಲ್ಲ ಅಂತ ಯಾರು ಹೇಳ್ತಾರೆ?" ಎಂದು ಕೇಳಿದಳು.

ನನ್ನನ್ನು ಮನೆಗೆ ಬಿಡುವ ಉದಾರತನ ಅವನಿಗೆ ಆಗಲೇ ಬರಬೇಕೆ? ಹತ್ತಿದೆ. ದೊಡ್ಡ ಬಸವಣ್ಣನ ಗುಡಿ ಕಡೆಯ ಏರಿನಲ್ಲಿ ಸ್ಕೂಟರ್ ನಿಟ್ಟುಸಿರು ಬಿಡತೊಡಗಿತು. ಪಕ್ಕದಲ್ಲಿ ಒಬ್ಬ ಕಡಲೆಕಾಯಿಯವನು ತಳ್ಳುಗಾಡಿ ತಳ್ಳುತ್ತಾ ಹೊರಟಿದ್ದ. ಸ್ವಲ್ಪ ಹೊತ್ತು ನಾವು ಮೂವರೂ ಒಂದೇ ವೇಗದಲ್ಲಿ ಹೋದೆವು. ಆಮೇಲೆ ಅವನು ಮುಂದಾದ. ಇನ್ನೂ ಹತ್ತು ಮಾರು ಹೋಗುವಷ್ಟರಲ್ಲಿ ಮೀಟರಿನ ಕೊನೇ ಕಡ್ಡಿಯೂ ಆರಿತು. ಇಬ್ಬರೂ ಇಳಿದು ತಳ್ಳತೊಡಗಿದೆವು.

ಕಡಲೆಕಾಯಿಯವನು ಮರದ ನೆರಳಲ್ಲಿ ನಿಂತು ನಮಗಾಗಿ ಕಾದಿದ್ದ.

"ಗಾಡಿ ಕೆಟ್ಟೋಯ್ತಾ ಸಾರ್?"

"ಇದು ಗಾಡಿ ಅಲ್ಲಪ್ಪ," ಅಂದ ನಾಗರಾಜ, ಏದುಸಿರಿನಲ್ಲೂ.

ಅವನು ನಮ್ಮ ಸ್ಕೂಟರ್ ನೋಡಿದ, ತನ್ನದನ್ನು ನೋಡಿದ. "ತಳ್ತಾ ಇದ್ದೀರಲ್ಲ ಸಾರ್, ತಳ್ಳುಗಾಡಿನೇ ಬಿಡಿ," ಅಂದು ಸೇರಿಗೆ ಕೈ ಹಾಕಿದ. "ಎಷ್ಟು ಕೊಡಲಿ?"