ಜಗಲಿ ಮೇಲಿನ ಕಂದು ಧೂಳು ಬಂದರಿನದೋ, ಹೆದ್ದಾರಿಯದೋ?

ಕೋಡಿಬಾಗದವ:
ಮನೆ ಕಾರವಾರದ ಕೋಡಿಬಾಗದಲ್ಲಿ. ಮಳೆ ನಿಂತು ತಿಂಗಳಾದರೆ ಸಾಕು, ಬೆಳಿಗ್ಗೆ ಒರೆಸಿದ ಜಗಲಿಯಲ್ಲಿ ಸಂಜೆಗೆ ಹೆಜ್ಜೆ ಗುರುತು ಬೀಳುತ್ತದೆ. ಅಪ್ಪ ಬಂದರಿನ ಅದಿರು ಅಂತಾರೆ, ಪಕ್ಕದವರು ಹೆದ್ದಾರಿ ಅಂತಾರೆ. ಪುಡಿಯನ್ನು ಕಾಗದದ ಮೇಲಿಟ್ಟು ಕೆಳಗಿಂದ ಅಯಸ್ಕಾಂತ ಆಡಿಸಿದೆ, ಸ್ವಲ್ಪ ಅದರ ಹಿಂದೆಯೇ ಓಡಿತು. ಅಂದರೆ ಅದಿರೇ ಅಲ್ವಾ?

ಚಿರೆಕಲ್ಲು:
ಅಷ್ಟು ಬೇಗ ತೀರ್ಪು ಕೊಡಬೇಡಿ ಮಾರಾಯ್ರೆ. ನಮ್ಮ ಚಿರೆಕಲ್ಲಿನ, ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ಲಾರಿಗಳ ಬ್ರೇಕ್ ಸವೆದು ಉದುರುವ ಪುಡಿಯಲ್ಲೂ ಕಬ್ಬಿಣ ಇರುತ್ತದೆ. ಅಯಸ್ಕಾಂತ ಕಬ್ಬಿಣ ಇದೆ ಅಂತಷ್ಟೇ ಹೇಳುತ್ತದೆ, ಎಲ್ಲಿಯದು ಅಂತ ಹೇಳುವುದಿಲ್ಲ.

ಲ್ಯಾಬಿನಲ್ಲಿ ನೋಡುವುದು ಜೊತೆಗೆ ಏನೇನಿದೆ ಅಂತ. ಅಲ್ಯೂಮಿನಿಯಂ, ಸಿಲಿಕಾನ್ ಜೊತೆಗಿದ್ದರೆ ಮಣ್ಣು. ಅವು ಕಡಿಮೆ ಇದ್ದು ಕಬ್ಬಿಣ ಮಾತ್ರ ಜಾಸ್ತಿ ಇದ್ದರೆ ಆಗ ಅದಿರಿನ ಅನುಮಾನ. ವನೇಡಿಯಂ, ನಿಕ್ಕಲ್ ಎರಡೂ ಕಂಡರೆ ಹಡಗಿನ ದಪ್ಪ ಎಣ್ಣೆಯ ಹೊಗೆ ಇರಬಹುದು. ಲೆವೊಗ್ಲುಕೋಸಾನ್ ಅಂತ ಒಂದಿದೆ, ಕಟ್ಟಿಗೆ, ದರಕು ಸುಟ್ಟರೆ ಹುಟ್ಟುತ್ತದೆ, ಡೀಸೆಲ್ ಸುಟ್ಟರೆ ಬರುವುದಿಲ್ಲ. ಸಾರು ಬಾಯಿಗೆ ಹಾಕಿಕೊಂಡು ಏನೇನು ಬಿದ್ದಿದೆ ಅಂತ ಅಜ್ಜಿ ಹೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ, ಇಲ್ಲಿ ಕಂಪ್ಯೂಟರ್ ಹಚ್ಚುತ್ತಾರೆ ಅಷ್ಟೇ.

ದಂಡೆಮನೆ:
ಮೊದಲು ಗಾಳಿ ನೋಡಿ, ಅದಕ್ಕೆ ದುಡ್ಡು ಬೇಡ. ಹಗಲು ಕಡಲಿನಿಂದ ಬೀಸುತ್ತದೆ, ರಾತ್ರಿ ಘಟ್ಟದ ಕಡೆಯಿಂದ. ಬೈತಖೋಲ ಬಂದರು ನಿಮಗೆ ದಕ್ಷಿಣಕ್ಕೆ. ದಕ್ಷಿಣದ ಗಾಳಿಯೇ ಇಲ್ಲದ ದಿನವೂ ಅಷ್ಟೇ ಧೂಳು ಬಿದ್ದರೆ ಬಂದರನ್ನು ಬೈದು ಪ್ರಯೋಜನ ಇಲ್ಲ. ಎರಡು ಗಾಜಿನ ತುಂಡಿಗೆ ವ್ಯಾಸಲೀನ್ ಸವರಿ ತಾರಸಿಯಲ್ಲಿಡಿ, ಒಂದು ಹಗಲಿಗೆ, ಇನ್ನೊಂದು ರಾತ್ರಿಗೆ. ಒಂದು ವಾರ ಮಾಡಿ, ಪ್ರತಿದಿನ ಗಾಳಿ ದಿಕ್ಕು ಬರೆದಿಡಿ.

ಕೋಡಿಬಾಗದವ:
ಗಾಜು ಇವತ್ತೇ ಇಡುತ್ತೇನೆ. ಲ್ಯಾಬಿಗೆ ಗುಡಿಸಿದ ಧೂಳು ಕೊಟ್ಟರೆ ಸಾಕಾ?

ಚಿರೆಕಲ್ಲು:
ಸಾಲದು. ಜಗಲಿಗೆ ಬೀಳುವುದು ದಪ್ಪ ಕಣ, ಅದು ಹೆಚ್ಚು ದೂರ ಹಾರುವುದಿಲ್ಲ. ಹಾಗಾಗಿ ನನ್ನ ಮೊದಲ ಅನುಮಾನ ಹತ್ತಿರದ ರಸ್ತೆಯ ಮೇಲೆ. ಶ್ವಾಸಕೋಶದ ಆಳಕ್ಕೆ ಇಳಿಯುವ 2.5 ಮೈಕ್ರಾನ್‌ಗಿಂತ ಸಣ್ಣದು ಗಾಳಿಯಲ್ಲೇ ತೇಲುತ್ತಿರುತ್ತದೆ, ಪೊರಕೆಗೆ ಸಿಗುವುದಿಲ್ಲ. ಅದಕ್ಕೆ ಪಂಪು ಹಚ್ಚಿ ಫಿಲ್ಟರಿನಲ್ಲಿ ಗಾಳಿ ಎಳೆಯಬೇಕು.

ದಂಡೆಮನೆ:
ಗಾಜಿನ ಮೇಲೆ ಬಿಳಿ ಹರಳು ಕಂಡರೆ ಹೆದರಬೇಡಿ, ಅದು ಕಡಲಿನ ಉಪ್ಪೇ ಇರಬೇಕು. ನೀರು ಹಾಕಿ, ಕರಗುತ್ತದೆ.